ತೂಕದ ಮನೆಯ ಗಾಜಿನ ಪಟ್ಟಿಗಳು

ಭೂಮಿ ನಡುಗಿದ ಮರುದಿನ ಬೆಳಿಗ್ಗೆ ಪೇಟೆಬೀದಿಗೆ ಬಂದವರೆಲ್ಲ ಒಂದೇ ಕಡೆಗೆ ತಲೆಯೆತ್ತಿ ನೋಡುತ್ತಿದ್ದರು. ಮೊನ್ನೆ ಮೊನ್ನೆ ಕಟ್ಟಿದ ಮಾಳಿಗೆ ಅಂಗಡಿಗಳು ಇಸ್ಪೀಟಿನ ಎಲೆಗಳ ಹಾಗೆ ಒಂದರ ಮೇಲೊಂದು ಮಲಗಿದ್ದವು. ಅವುಗಳ ನಡುವೆ ಮೈತುಂಬ ಬಿಳಿ ಧೂಳು ಬಳಿದುಕೊಂಡು ತೂಕದ ಮನೆ ಒಂದೇ ನಿಂತಿತ್ತು. ನಿಂತಿತ್ತು ಎಂದರೆ, ಜ್ವರ ಬಿಟ್ಟು ಎದ್ದವರು ಯಾರ ಕೈಯನ್ನೂ ಹಿಡಿಯದೆ ನಿಂತು ನೋಡುತ್ತಾರಲ್ಲ, ಹಾಗೆ.

ಹಿಂದಿನ ಕಾಲದಲ್ಲಿ ಊರಿಗೆ ಬಂದ ಒಂದೊಂದು ಮೂಟೆಯೂ ಮೊದಲು ಅಲ್ಲಿ ತೂಗಿಸಿಕೊಂಡೇ ಅಂಗಡಿಗೆ ಹೋಗಬೇಕಿತ್ತಂತೆ. ದಪ್ಪ ಕಲ್ಲಿನ ನಾಲ್ಕು ಗೋಡೆ, ಮೇಲೆ ಗುಮ್ಮಟ, ಗುಮ್ಮಟದ ನೆತ್ತಿಯಿಂದ ಇಳಿಬಿಟ್ಟ ಕಬ್ಬಿಣದ ಸರಪಳಿ, ಅದರ ತುದಿಗೆ ಆಳುದ್ದದ ತಕ್ಕಡಿ. ತೂಗುವುದು ನಿಂತು ಯಾವುದೋ ಕಾಲವಾಯಿತು. ಈಗ ಬಿಸಿಲಿಗೆ, ಮಳೆಗೆ ಜನ ಒಳಗೆ ಬಂದು ನಿಲ್ಲುತ್ತಾರೆ. ಮಕ್ಕಳು ತಕ್ಕಡಿಯ ತಟ್ಟೆಯಲ್ಲಿ ಕೂತು ಜೀಕುತ್ತಾರೆ, ಚಿಕ್ಕಮ್ಮ ಪೊರಕೆ ಹಿಡಿದು ಅವರನ್ನು ಅಟ್ಟಿಸಿಕೊಂಡು ಹೋಗುತ್ತಾಳೆ.

ಚಿಕ್ಕಮ್ಮ ನನ್ನ ತಾಯಿಯ ತಂಗಿ. ತೂಕದ ಮನೆಯ ಬಾಗಿಲು ತೆಗೆಯುವುದು, ಗುಡಿಸುವುದು, ಒರೆಸುವುದು ಅವಳ ಕೆಲಸ. ಅವಳಿಗೆ ಮುಂಚೆ ಅವಳ ಅತ್ತೆಯದು. ಮಕ್ಕಳಾಗಲಿಲ್ಲ, ಗಂಡ ಬೇಗ ಹೋದ. ಉಳಿದದ್ದು ಆ ನಾಲ್ಕು ಗೋಡೆ. ಬೇರೆಯವರಿಗೆ ಧೂಳು ಅಂದರೆ ಧೂಳು, ಅವಳಿಗೆ ಧೂಳು ಎಂದರೆ ಹಗೆ. ಮದುವೆಮನೆಗೆ ಬಂದರೂ ಕೂರುವ ಕುರ್ಚಿಯನ್ನು ಸೆರಗಿನಿಂದ ಒರೆಸಿ, ಪಕ್ಕದವರ ಕುರ್ಚಿಯನ್ನೂ ಒರೆಸಿ, ಆಮೇಲೆ ಕೂರುವವಳು.

ಅವತ್ತು ಅವಳು ತೂಕದ ಮನೆಯ ಮೆಟ್ಟಿಲ ಮೇಲೆ ಕೂತಿದ್ದಳು. ನನ್ನನ್ನು ಕಂಡವಳೇ ಎದ್ದಳು.

"ಪುಟ್ಟೀ, ಒಳಗೆ ಯಾರೂ ಹೋಗ್ಬಾರ್ದಂತೆ. ಪೊಲೀಸರು ಹೇಳಿ ಹೋದ್ರು. ನಾನು ಹೋಗಿ ಬಂದೆ."

"ಚಿಕ್ಕಮ್ಮ, ನಿಂಗೆ ಬುದ್ಧಿ ಇದ್ಯಾ?"

"ಬುದ್ಧೀನೇ ಹೇಳಿದ್ದು, ಹೋಗಿ ನೋಡ್ಕೊಂಡ್ ಬಾ ಅಂತ." ಆಮೇಲೆ ದನಿ ಇಳಿಸಿದಳು. "ಮೂಡಣ ಗೋಡೆ ಸೀಳಿದೆ ಮಗಳೇ. ಒಳಗೆ ಬೆಳಕು ಬರ್ತಿದೆ."

ಸಾರುವೆ ಕಟ್ಟುವುದು ನಮ್ಮ ಕಸುಬು. ಗಳ, ಹಲಗೆ, ತೊಲೆ, ಹಗ್ಗ ಇಟ್ಟುಕೊಂಡು ಎತ್ತರದ ಕೆಲಸಕ್ಕೆ ಅಟ್ಟ ಕಟ್ಟಿಕೊಡುವವರು, ಬೀಳುವ ಗೋಡೆಗೆ ಊರೆ ಕೊಡುವವರು ನಾವು. ಅಪ್ಪ ಹೋದ ಮೇಲೆ ಸಾಮಾನಿನ ಅಂಗಳ ನನ್ನ ಪಾಲಿಗೆ ಬಂತು, ಕೆಲಸ ಮಾಡಿಸುವ ಕೈ ನನ್ನ ಅಕ್ಕನ ಗಂಡನದು. ಹಾಗಾಗಿ ಬಿರುಕು ಬಿಟ್ಟ ಗೋಡೆ ನನಗೆ ಹೊಸದಲ್ಲ. ಆದರೂ ಒಳಗೆ ಕಾಲಿಟ್ಟವಳು ಹೊಸ್ತಿಲ ಬಳಿಯೇ ನಿಂತುಬಿಟ್ಟೆ.

ನೆಲದಿಂದ ಗುಮ್ಮಟದ ಹೆಗಲಿನ ತನಕ ಒಂದು ಸೀಳು. ಕೆಳಗೆ ಬೆರಳು ತೂರುವಷ್ಟು, ಮೇಲೆ ಹೋದಂತೆ ಕೈ ತೂರುವಷ್ಟು. ಅದರೊಳಗಿಂದ ಬಿಸಿಲು ಒಂದು ಉದ್ದನೆಯ ಹಲಗೆಯ ಹಾಗೆ ಬಂದು ತಕ್ಕಡಿಯ ಮೇಲೆ ಬಿದ್ದಿತ್ತು. ನಾನು ಹುಟ್ಟಿದಾಗಿನಿಂದ ನೋಡಿದ ಜಾಗ ಅದು. ಆ ಕತ್ತಲ ಗೋಡೆಗಳಿಗೆ ಇಂಥ ಜೇನಿನ ಬಣ್ಣ ಇದೆ ಎಂದು ಅವತ್ತಿನವರೆಗೆ ನನಗೆ ಗೊತ್ತಿರಲಿಲ್ಲ. ಗುಮ್ಮಟ ಒಂದು ಕಲ್ಲನ್ನೂ ಉದುರಿಸಿರಲಿಲ್ಲ. ಹೆಗಲು ಸೀಳಿದರೂ ತಲೆಯ ಮೇಲಿನ ಹೊರೆ ಇಳಿಸದ ಹೆಂಗಸಿನ ಹಾಗೆ ಅದು ನಿಂತಿತ್ತು.

ಎರಡು ದಿನದಲ್ಲಿ ಸರ್ಕಾರದ ಕಡೆಯಿಂದ ಒಬ್ಬಳು ಎಂಜಿನಿಯರ್ ಬಂದಳು. ಹಳೆಯ ಕಟ್ಟಡಗಳ ವಿಷಯವನ್ನೇ ಓದಿದವಳಂತೆ. ಸಣ್ಣ ವಯಸ್ಸು, ಸಣ್ಣ ದೇಹ, ದೊಡ್ಡ ಬೂಟು. ಬಂದವಳು ಮಾತಾಡದೆ ಅರ್ಧ ದಿನ ಗೋಡೆ ಸುತ್ತಿದಳು. ಕೊನೆಗೆ ಪುರಸಭೆಯ ಅಧ್ಯಕ್ಷರ ಮುಂದೆ ನಿಂತಳು.

"ಇದನ್ನ ಉಳಿಸ್ಬಹುದು ಅನ್ಸುತ್ತೆ ಸಾರ್. ಆದ್ರೆ ಗೋಡೆ ಇನ್ನೂ ನಡೀತಿದ್ಯಾ, ನಿಂತಿದ್ಯಾ ಅಂತ ಮೊದಲು ಗೊತ್ತಾಗ್ಬೇಕು."

ಅಧ್ಯಕ್ಷರು ಕೆಟ್ಟವರಲ್ಲ. ಅವರ ಅಂಗಡಿಯೇ ಕುಸಿದು ಅವರ ಅಕ್ಕ ಆಸ್ಪತ್ರೆಯಲ್ಲಿದ್ದಳು. ನಡುಕವಾದ ದಿನದಿಂದ ಗಡ್ಡ ಹೆರೆದಿರಲಿಲ್ಲ. "ನೋಡಿ ಮೇಡಂ," ಎಂದರು, "ಈ ಬೀದೀಲಿ ಇನ್ನೊಂದು ಕಲ್ಲು ಯಾರ ತಲೆ ಮೇಲೂ ಬೀಳ್ಬಾರ್ದು. ಅಷ್ಟೇ ನಂಗೆ ಬೇಕಾಗಿರೋದು. ಮಳೆಗಾಲದ ತನಕ ಟೈಮ್ ಕೊಡ್ತೀನಿ. ನಡೀತಿದೆ ಅಂತ ಗೊತ್ತಾದ ದಿನ ಮಷೀನ್ ತರಿಸ್ತೀನಿ."

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಹೊರಗೆ ಅಂಗಡಿಗಳ ರಾಶಿ ಎತ್ತುತ್ತಿದ್ದ ಹಳದಿ ಮಷೀನಿನ ಸದ್ದು ಕೇಳುತ್ತಲೇ ಇತ್ತು.

ಗೋಡೆ ನಡೆಯುತ್ತಿದೆಯೇ ಎಂದು ನೋಡಲು ಎಂಜಿನಿಯರ್ ಮಾಡಿದ ಉಪಾಯ ಬಹಳ ಸರಳ. ಬೆರಳಗಲದ ತೆಳ್ಳನೆಯ ಗಾಜಿನ ಪಟ್ಟಿಗಳನ್ನು ಬಿರುಕಿನ ಆಚೆ ದಡಕ್ಕೊಂದು ತುದಿ, ಈಚೆ ದಡಕ್ಕೊಂದು ತುದಿ ಬರುವಂತೆ ಅಡ್ಡಡ್ಡ ಅಂಟಿಸಿದಳು. ನಾವು ಕಟ್ಟಿಕೊಟ್ಟ ಸಾರುವೆ ಹತ್ತಿ, ಕೆಳಗಿನಿಂದ ಮೇಲಿನವರೆಗೆ, ಏಣಿಯ ಮೆಟ್ಟಿಲುಗಳ ಹಾಗೆ. "ಗೋಡೆ ಕೂದಲೆಳೆಯಷ್ಟು ಕದಲಿದ್ರೂ ಗಾಜು ಸೀಳುತ್ತೆ. ಸೀಳ್ಲಿಲ್ಲ ಅಂದ್ರೆ ನಿಂತಿದೆ ಅಂತ. ದಯವಿಟ್ಟು ಯಾರೂ ಮುಟ್ಬೇಡಿ."

"ಸುಳ್ಳು ಹೇಳೋಕೆ ಬರದ ಸಾಕ್ಷಿ," ಎಂದರು ಭಾವ.

ಊರೆ ಕೊಡುವ ಕೆಲಸ ನಮ್ಮದಾಯಿತು. ಉದ್ದನೆಯ ತೊಲೆಗಳನ್ನು ಓರೆಯಾಗಿ ಗೋಡೆಗೆ ಆನಿಸಿ, ಬುಡದಲ್ಲಿ ಜೋಡಿ ಬೆಣೆ ಬಡಿದು ಬಿಗಿ ಮಾಡುವುದು. ಅದರಲ್ಲಿ ಭಾವನನ್ನು ಮೀರಿಸುವವರಿಲ್ಲ. ಹೊಸ ಆಳು ಒಬ್ಬ ಸುತ್ತಿಗೆ ಎತ್ತಿ ಜೋರಾಗಿ ಬೀಸಿದ್ದೇ ತಡ, ಭಾವ ಕೂಗಿದರು.

"ಏಯ್, ಸಾಕೋ! ಗೋಡೆನ ಆಚೆ ತಳ್ತೀಯೇನೋ? ವಯಸ್ಸಾದವ್ರ ಕೈ ಹಿಡಿಯೋ ಹಾಗೆ ಹಿಡೀಬೇಕು. ಬೀಳೋದಾದ್ರೆ ನಾವಿದ್ದೀವಿ ಅಂತ ಗೊತ್ತಾದ್ರೆ ಸಾಕು. ಎತ್ಕೊಂಡ್ ಓಡೋದಲ್ಲ."

"ನಮ್ಮಕ್ಕನ್ನ ಹಾಗೆ ಹಿಡಿದಿದ್ರೆ ಇನ್ನೂ ಇರ್ತಿದ್ಲು, ಅಳಿಯಂದ್ರೇ," ಎಂದಳು ಚಿಕ್ಕಮ್ಮ ಬಾಗಿಲಿನಿಂದ.

"ಚಿಕ್ಕತ್ತೆ, ನಿಮ್ಮಕ್ಕ ಕೈ ಕೊಟ್ಟಿದ್ರೆ ತಾನೇ ಹಿಡಿಯೋದು? ಬೈಯೋಕೆ ಎರಡೂ ಕೈ ಬೇಕಾಗಿತ್ತು ಅವ್ರಿಗೆ."

ಆಳುಗಳು ನಕ್ಕರು. ಚಿಕ್ಕಮ್ಮನೂ ನಕ್ಕಳು. ನಡುಕದ ಮೇಲೆ ಅವಳು ನಕ್ಕದ್ದು ಅದೇ ಮೊದಲು.

ತೊಲೆಯ ತಲೆ ಕೂರಿಸಲು ಗೋಡೆಯ ಸಡಿಲ ಗಾರೆಯನ್ನು ಒಂದೆಡೆ ಕೆರೆದಾಗ ಒಳಗೆ ಮರ ಕಂಡಿತು. ಕಲ್ಲಿನ ಗೋಡೆಯ ಹೊಟ್ಟೆಯಲ್ಲಿ ಮರ! ಎಂಜಿನಿಯರ್ ಮಂಡಿಯೂರಿ ಬ್ರಷ್ಷಿನಿಂದ ಬಿಡಿಸಿದಳು. ಆಳಿನ ತೊಡೆ ಗಾತ್ರದ ತೊಲೆ, ಗೋಡೆಯುದ್ದಕ್ಕೂ ಮಲಗಿತ್ತು. ಎದೆಯ ಎತ್ತರಕ್ಕೆ ಒಂದು, ಅದರ ಮೇಲೆ ಇನ್ನೊಂದು, ಗುಮ್ಮಟದ ಹೆಗಲಿಗೆ ಮತ್ತೊಂದು. ಮೂಲೆಯಲ್ಲಿ ಒಂದಕ್ಕೊಂದು ಕೈ ಹೆಣೆದ ಹಾಗೆ ಕಚ್ಚು ಹಾಕಿ ಕೂರಿಸಿದ್ದರು. ಇಡೀ ಮನೆಗೆ ನಡುಕಟ್ಟು ಕಟ್ಟಿದಂತೆ. ಭಾವ ಚಾಕುವಿನಿಂದ ಒಂದು ಸಿಬಿರು ತೆಗೆದು ಮೂಸಿದರು, ನನ್ನ ಮೂಗಿಗೂ ಹಿಡಿದರು. ಹೊಸ ಮರದ ವಾಸನೆ. ಯಾವುದೋ ಕಾಲದಲ್ಲಿ ಕಡಿದ ಮರ ಗಾರೆಯೊಳಗೆ ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು ಕೂತಿತ್ತು.

"ಕಟ್ಟಿದವ್ರಿಗೆ ಗೊತ್ತಿತ್ತು," ಎಂದಳು ಎಂಜಿನಿಯರ್. ಅವಳ ದನಿ ಸಣ್ಣಗಾಗಿತ್ತು. "ಭೂಮಿ ನಡುಗುತ್ತೆ ಅಂತ ಅವ್ರಿಗೆ ಗೊತ್ತಿತ್ತು."

ಭಾವ ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಕೈಯಲ್ಲಿ ಹಿಡಿದು ನಿಂತರು. ಯಾಕೆ ಹಾಗೆ ಮಾಡಿದರೋ, ಅವರಿಗೂ ಗೊತ್ತಿರಲಿಕ್ಕಿಲ್ಲ.

ಅಷ್ಟಾದ ಮೇಲೆ ಆ ಮನೆಯನ್ನು ಕೈಬಿಡಲು ನಮ್ಮಲ್ಲಿ ಯಾರಿಗೂ ಮನಸ್ಸಿರಲಿಲ್ಲ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಗಾಜು ಕಾಯುತ್ತಿದ್ದೆವು. ದೊಡ್ಡ ನಡುಕ ಹೋದರೂ ಮರಿ ನಡುಕಗಳು ಆಗಾಗ ಬರುತ್ತಿದ್ದವು. ಪಾತ್ರೆ ಗಲಗಲ ಎನ್ನುವುದು, ನಾಯಿಗಳು ಬೊಗಳುವುದು, ಜನ ಬೀದಿಗೆ ಬಂದು ಒಬ್ಬರ ಮುಖ ಒಬ್ಬರು ನೋಡಿ ಮತ್ತೆ ಒಳಗೆ ಹೋಗುವುದು. ಅಂಥದೊಂದು ನಡುಕದ ಮರುದಿನ ಎಂಜಿನಿಯರ್ ಕೆಳಗಿನ ಪಟ್ಟಿಯೊಂದನ್ನು ಭೂತಗನ್ನಡಿಯಲ್ಲಿ ನೋಡಿ ನನ್ನನ್ನು ಕರೆದಳು. ಗಾಜಿನ ನಡುಮಧ್ಯೆ ಕೂದಲಿನಂಥ ಒಂದು ಗೆರೆ. ಅದನ್ನು ತೆಗೆದು ಹೊಸದು ಅಂಟಿಸಿದಳು. ಮುಂದಿನ ನಡುಕದ ಮೇಲೆ ಅದೂ ಸೀಳಿತ್ತು, ಪಕ್ಕದ್ದೂ ಸೀಳಿತ್ತು. ಅದರ ಮುಂದಿನದಕ್ಕೆ ಮತ್ತೆರಡು.

"ಪ್ರತಿ ಸಲ ನಡುಗಿದಾಗ್ಲೂ ಒಡೀತಿದೆ," ಎಂದಳು. "ಗೋಡೆ ಬುಡ ಕದಲ್ತಿದೆ ಅಂತ ಅರ್ಥ. ನಂಗೆ ಸುಳ್ಳು ಬರೆಯೋಕಾಗಲ್ಲ ಅಕ್ಕಾ. ಒಳಗೆ ಕೆಲಸ ಮಾಡೋರು ನಿಮ್ಮ ಆಳುಗಳೇ."

ಅದು ನಿಜ. ಗಳ ಹೋದರೆ ಗಳ ತರಬಹುದು, ಆಳನ್ನು ಎಲ್ಲಿಂದ ತರಲಿ? ಅವಳು ಅಧ್ಯಕ್ಷರಿಗೆ ವಿಷಯ ತಿಳಿಸಿದಳು. ಅವರು ಮಷೀನಿನವನಿಗೆ ಹೇಳಿ ಕಳಿಸಿದರು: ನಾಳೆ ಮಧ್ಯಾಹ್ನ.

ಸುದ್ದಿಯನ್ನು ಚಿಕ್ಕಮ್ಮನಿಗೆ ಹೇಳುವ ಪಾಳಿ ನನಗೆ ಬಂತು. ಅವಳು ಬಟ್ಟೆ ಹಿಂಡುತ್ತಿದ್ದಳು. ಹಿಂಡಿದ್ದನ್ನೇ ಮತ್ತೆ ಹಿಂಡಿದಳು. "ನಾಳೆ ಬೆಳಿಗ್ಗೆಗೆ ಒಂದು ಬಕೆಟ್ ನೀರು ತಂದಿಡು ಪುಟ್ಟಿ," ಎಂದಳು. "ಹೋಗೋರನ್ನ ಕೊಳಕಾಗಿ ಕಳಿಸೋಕಾಗಲ್ಲ."

ಮಾರನೆಯ ಬೆಳಿಗ್ಗೆ ಎಂಜಿನಿಯರ್ ನನ್ನ ಅಂಗಳಕ್ಕೇ ಬಂದಳು. ಕಣ್ಣು ಕೆಂಪಗಿತ್ತು. "ಅಕ್ಕಾ, ಒಂದ್ಸಲ ಮೇಲೆ ಹತ್ತಿ ನೋಡ್ಬೇಕು. ಕೆಳಗಿನ ಗಾಜನ್ನ ದಿನಾ ನೋಡ್ತಿದ್ದೆ. ಮೇಲಿಂದು ನೋಡ್ಲೇ ಇಲ್ಲ. ಕೆಳಗೇ ಒಡೆದ ಮೇಲೆ ಮೇಲೆ ಯಾಕೆ ಅಂದ್ಕೊಂಡೆ. ಆದ್ರೆ ಸೀಳು ಮೇಲೆ ಹೆಚ್ಚಿದೆ. ಕದಲೋದಾದ್ರೆ ಅಲ್ಲಿ ಮೊದಲು ಕದಲ್ಬೇಕಲ್ವಾ?"

ಹತ್ತುವ ಮುಂಚೆ ಕೆಳಗಿನ ಪಟ್ಟಿಗಳನ್ನು ಒಂದು ಸಲ ಒಟ್ಟಿಗೆ ನೋಡಿದೆವು. ಹಿಂದಿನ ದಿನ ಅಂಟಿಸಿದ್ದ ಹೊಸ ಗಾಜುಗಳು ಒಂದೂ ಸೀಳಿರಲಿಲ್ಲ. ಆಮೇಲೆ ನಾನು ಮುಂದೆ, ಅವಳು ಹಿಂದೆ, ಸಾರುವೆ ಹತ್ತಿದೆವು. ಕೈಗೆಟುಕದ ಎತ್ತರದ ಮೊದಲ ಪಟ್ಟಿಯ ಮೇಲೆ ಧೂಳು ಕಂಬಳಿಯ ಹಾಗೆ ಹೊದ್ದಿತ್ತು. ಅವಳು ಮೆಲ್ಲಗೆ ಊದಿದಳು. ಇಡೀ ಗಾಜು. ಅದರ ಮೇಲಿನದು, ಇಡೀ ಗಾಜು. ಗುಮ್ಮಟದ ಹೆಗಲಿನದು, ಬಿರುಕು ಎಲ್ಲಕ್ಕಿಂತ ಅಗಲವಾಗಿದ್ದ ಜಾಗದ್ದು, ಅದೂ ಇಡೀ.

"ಇದು ಹೇಗೆ ಸಾಧ್ಯ?" ಎಂದಳು ಅವಳು.

ಆಗ ನಡುಕ ಬಂತು.

ಮೊದಲು ಸರಪಳಿ ಕಿಣಿ ಎಂದಿತು. ಆಮೇಲೆ ಸದ್ದು ಕೆಳಗಿನಿಂದ, ಬಹಳ ಕೆಳಗಿನಿಂದ ಎದ್ದಿತು. ನಾನು ಒಂದು ಕೈಯಲ್ಲಿ ಗಳ ಹಿಡಿದೆ, ಇನ್ನೊಂದು ಕೈ ತಾನಾಗಿಯೇ ಗೋಡೆಯೊಳಗಿನ ಮರದ ಮೇಲೆ ಹೋಯಿತು. ಓಡಿಹೋಗಲು ಜಾಗವಿರಲಿಲ್ಲ. ಹಾಗಾಗಿ ನಾನು ನೋಡಿದೆ. ಓಡುವವರಿಗೆ ಅದು ಕಾಣುವುದಿಲ್ಲ.

ಗೋಡೆ ಉಸಿರೆಳೆಯಿತು. ಬೇರೆ ಮಾತು ನನಗೆ ಸಿಗುವುದಿಲ್ಲ. ದೊಡ್ಡ ಹಸುವಿನ ಪಕ್ಕೆಗೆ ಕೈ ಇಟ್ಟಾಗ ಒಳಗಿನಿಂದ ಬರುತ್ತದಲ್ಲ, ಹಾಗೆ ಅಂಗೈಗೆ ಬಂತು. ಮರ ಕಿರ್ ಎಂದಿತು, ಮೂಲೆಯ ಕಚ್ಚು ಕಿರ್ ಎಂದಿತು, ಆಚೆ ಗೋಡೆಯ ಮರ ಅದಕ್ಕೆ ಉತ್ತರ ಕೊಟ್ಟಿತು. ನಡುಕ ಒಂದು ಗೋಡೆಯಿಂದ ಇನ್ನೊಂದಕ್ಕೆ, ಹೊರೆಯನ್ನು ಕೈಯಿಂದ ಕೈಗೆ ದಾಟಿಸುವವರ ಹಾಗೆ, ಮನೆಯನ್ನು ಒಂದು ಸುತ್ತು ಬಂತು. ಗುಮ್ಮಟ ಮೇಲೆ ಸಣ್ಣಗೆ ಗುಂಯ್ ಎಂದಿತು. ಸೀಳಿನ ಎರಡೂ ದಡಗಳು ನನ್ನ ಕಣ್ಣ ಮುಂದೆ, ಜೊತೆಯಾಗಿ, ಒಂದೇ ಕಡೆಗೆ ಬಾಗಿ ಜೊತೆಯಾಗಿಯೇ ಹಿಂತಿರುಗಿದವು. ಆಮೇಲೆ ಎಲ್ಲ ನಿಂತಿತು. ತಕ್ಕಡಿ ಒಂದೇ ತೂಗಾಡುತ್ತಿತ್ತು. ಮೇಲಿನಿಂದ ಧೂಳು ಹಿಟ್ಟಿನ ಹಾಗೆ ಸುರಿಯುತ್ತಿತ್ತು, ಸೀಳಿನ ಬಿಸಿಲಿನಲ್ಲಿ ಅದರ ಒಂದೊಂದು ಕಣವೂ ಹೊಳೆಯುತ್ತಿತ್ತು.

ಎಂಜಿನಿಯರ್ ಗಾಜಿಗೆ ಕಣ್ಣು ಹಚ್ಚಿದಳು. ಇಡೀ ಗಾಜು. ಅವಳಿಗೆ ನಗು ಬಂತೋ ಅಳು ಬಂತೋ ನನಗೆ ತಿಳಿಯಲಿಲ್ಲ. "ಒಟ್ಟಿಗೆ ಹೋಯ್ತು," ಎಂದಳು. "ಇಡೀ ಮನೆ ಒಟ್ಟಿಗೆ ಹೋಗಿ ಒಟ್ಟಿಗೆ ಬಂತು. ನೋಡಿದ್ರಾ ಅಕ್ಕಾ? ಓದಿದ್ದೆ. ನೋಡಿರ್ಲಿಲ್ಲ."

"ನಾನು ಓದೂ ಇರ್ಲಿಲ್ಲ, ನೋಡೂ ಇರ್ಲಿಲ್ಲ."

ಅಷ್ಟರಲ್ಲಿ ಕೆಳಗೆ ಬಾಗಿಲು ಕಿರುಗುಟ್ಟಿತು. ಚಿಕ್ಕಮ್ಮ ಒಳಗೆ ಬಂದಳು, ಒಂದು ಕೈಯಲ್ಲಿ ಬಕೆಟ್, ಇನ್ನೊಂದರಲ್ಲಿ ಬಟ್ಟೆ. ಭೂಮಿ ನಡುಗಿ ನಿಮಿಷವಾಗಿರಲಿಲ್ಲ. ಊರೆಲ್ಲ ಬೀದಿಯಲ್ಲಿದ್ದರೆ ಅವಳು ಒಳಗೆ. ನೆಲದ ಮೇಲೆ ಬಿದ್ದ ಧೂಳನ್ನು ನೋಡಿ "ಥೂ, ನಿನ್ನ!" ಎಂದು ನಡುಕವನ್ನೇ ಬೈದಳು. ಆಮೇಲೆ ನೆಟ್ಟಗೆ ಬಿರುಕಿನ ಹತ್ತಿರ ಹೋದಳು. ಕೆಳಗಿನ ಮೊದಲ ಗಾಜಿಗೆ ಮುಖ ಒಡ್ಡಿ "ಹಾ" ಎಂದು ಉಸಿರು ಬಿಟ್ಟಳು. ಹೆಬ್ಬೆರಳಿಗೆ ಒದ್ದೆ ಬಟ್ಟೆ ಸುತ್ತಿ, ನಡುಮಧ್ಯೆ ಒತ್ತಿ, ಅತ್ತ ಇತ್ತ ಉಜ್ಜಿದಳು. ಕನ್ನಡಕದ ಗಾಜು ಒರೆಸುವ ಹಾಗೆ. ಹಿಂದೆ ಸರಿದು ತಲೆ ಓರೆ ಮಾಡಿ ನೋಡಿದಳು. ತೃಪ್ತಿಯಾಯಿತು. ಎರಡನೆಯದಕ್ಕೆ ಹೋದಳು.

ಎಂಜಿನಿಯರ್ ನನ್ನ ತೋಳು ಹಿಡಿದಳು. ಉಗುರು ಊರುವಷ್ಟು.

ಆ ಗಾಜಿನ ನಡುವಿಗೆ ಹಿಂದೆ ಆಸರೆ ಇಲ್ಲ, ಬಿರುಕೇ ಇರುವುದು. ತುದಿಗಳಷ್ಟೇ ಅಂಟಿರುವುದು. ಹೆಬ್ಬೆರಳು ಒತ್ತಿದರೆ ಸೀಳದೆ ಇನ್ನೇನಾಗುತ್ತದೆ? ನಡುಕ ಬಂದಾಗೆಲ್ಲ ಧೂಳು ಬೀಳುತ್ತಿತ್ತು. ಧೂಳು ಬಿದ್ದಾಗೆಲ್ಲ ಚಿಕ್ಕಮ್ಮ ಬರುತ್ತಿದ್ದಳು. ಅವಳ ಕೈ ಎಟುಕುವ ತನಕ ಗಾಜು ಸೀಳುತ್ತಿತ್ತು. ಅದರ ಮೇಲೆ ಇಲ್ಲ.

"ಚಿಕ್ಕಮ್ಮಾ!" ನನ್ನ ಕೂಗು ಗುಮ್ಮಟಕ್ಕೆ ಬಡಿದು ನಾಲ್ಕಾಗಿ ಕೆಳಗಿಳಿಯಿತು. ಅವಳು ಬೆಚ್ಚಿ ಮೇಲೆ ನೋಡಿದಳು.

"ಅಯ್ಯೋ, ಕೋತಿಗಳ ಹಾಗೆ ಅಲ್ಲೇನ್ ಮಾಡ್ತಿದ್ದೀರಿ? ಇಳೀರಿ, ಬಿದ್ದೀರಿ!"

ಇಳಿದು ನೋಡಿದೆವು. ಆಗತಾನೇ ಒರೆಸಿದ ಗಾಜಿನಲ್ಲಿ ಹೊಸ ಗೆರೆ. ಹತ್ತುವಾಗ ಇರದ ಗೆರೆ.

"ಯಾರೂ ಮುಟ್ಬೇಡಿ ಅಂತ ಹೇಳಿದ್ದೆ ಅಲ್ವಾ ಅಜ್ಜಿ?" ಎಂದಳು ಎಂಜಿನಿಯರ್. ಬೈಗುಳವಿರಲಿಲ್ಲ ಅದರಲ್ಲಿ.

"ಮುಟ್ಬೇಡಿ ಅಂದ್ರಿ ತಾಯಿ, ಒರೆಸ್ಬೇಡಿ ಅನ್ಲಿಲ್ಲ. ನೀವು ಅಷ್ಟು ದೂರದಿಂದ ಬಂದು ಗೋಡೆಗೆ ಗಾಜಿನ ಕಣ್ಣು ಇಟ್ಟಿದ್ದೀರಿ. ಅದಕ್ಕೆ ಧೂಳು ಕೂತ್ರೆ ಹೇಗೆ ಕಾಣುತ್ತೆ?"

ನಾನು ಅವಳ ಕೈಗೆ ಭೂತಗನ್ನಡಿ ಕೊಟ್ಟು ಆ ಗೆರೆ ತೋರಿಸಿದೆ. ಅವಳ ಕಣ್ಣಿಗೆ ಪೊರೆ ಬರುತ್ತಿದ್ದ ಕಾಲ ಅದು. ಬಹಳ ಹೊತ್ತು ನೋಡಿದಳು. ಬಟ್ಟೆ ಕೈಯಿಂದ ಜಾರಿ ಬಕೆಟ್ಟಿಗೆ ಬಿತ್ತು.

"ನನ್ನ ಕೈಯಾರೆ?" ಎಂದಳು. "ಮಷೀನ್ ತರಿಸಿದ್ದು ನಾನಾ?"

ಹೊರಗೆ ಮಷೀನಿನ ಸದ್ದು ಹತ್ತಿರವಾಗುತ್ತಿತ್ತು.

ಅಧ್ಯಕ್ಷರು ಮೆಟ್ಟಿಲ ಬಳಿ ನಿಂತು ಎಲ್ಲವನ್ನೂ ಕೇಳಿದರು. ಚಿಕ್ಕಮ್ಮ ತಾನೇ ಹೇಳಿದಳು, ನಮ್ಮನ್ನು ಮಾತಾಡಲು ಬಿಡಲಿಲ್ಲ. ಬೀದಿಯಲ್ಲಿ ನೆರೆದವರಲ್ಲಿ ಒಬ್ಬಿಬ್ಬರು ನಕ್ಕರು. ಅಧ್ಯಕ್ಷರು ನಗಲಿಲ್ಲ.

"ಅಮ್ಮಾ, ನಿಮ್ಮ ಮಾತು ನಂಬ್ತೀನಿ. ಆದ್ರೆ ಒಂದೊಂದು ಗಾಜೂ ನಿಮ್ಮ ಕೈಯಿಂದಲೇ ಒಡೀತು ಅಂತ ಹೇಗೆ ನಂಬ್ಲಿ? ಒಂದು ನಿಮ್ಮಿಂದ ಒಡೆದು ಒಂದು ಗೋಡೆಯಿಂದ ಒಡೆದಿದ್ರೆ?"

"ಮೇಲಿನ ಗಾಜು ನೋಡ್ಬನ್ನಿ ಸಾರ್," ಎಂದೆ.

ಅವರು ಸಾರುವೆಯ ಕಡೆ ನೋಡಿ ತಲೆಯಾಡಿಸಿದರು. "ನಂಗೆ ನೆಲದ ಮೇಲೇ ಧೈರ್ಯ ಇಲ್ಲ ಈಗ." ಅದನ್ನು ಹೇಳಲು ಅವರು ನಾಚಲಿಲ್ಲ. "ನಮ್ಮಕ್ಕ ಕಲ್ಲಿನ ಕೆಳಗಿಂದ ಕೂಗ್ತಿದ್ಲಮ್ಮ. ಅದಿನ್ನೂ ಕಿವೀಲಿದೆ. ನನ್ನ ಕೈಗೆ ಸಿಗೋ ಹಾಗೆ ಏನಾದ್ರೂ ತೋರಿಸಿ."

ಎಂಜಿನಿಯರ್ ಊರೆಗಳ ಬುಡದ ಕಡೆ ನೋಡಿದಳು. ಆಮೇಲೆ ಭಾವನ ಕಡೆ.

"ಗೋಡೆ ಒಂದಿಷ್ಟಾದ್ರೂ ನಡೆದಿದ್ರೆ ಊರೆ ಮೇಲೆ ಒರಗಿರ್ಬೇಕು. ಒರಗಿದ್ರೆ ಬೆಣೆ ಏನಾಗಿರುತ್ತೆ?"

"ಕಚ್ಕೊಂಡಿರುತ್ತೆ," ಎಂದರು ಭಾವ. "ಸುತ್ತಿಗೇಲಿ ಹೊಡೆದ್ರೂ ಬರಲ್ಲ." ಅವಳ ಮನಸ್ಸಿನಲ್ಲಿ ಏನಿದೆ ಎಂದು ತಿಳಿದದ್ದೇ ಅವರ ಮುಖ ಬಿಗಿಯಿತು. "ಬೇಡಿ ಮೇಡಂ. ಬಡಿದ ಬೆಣೆಗೆ ರಿಪೇರಿ ಮುಗಿಯೋ ತನಕ ಕೈ ಹಾಕ್ಬಾರ್ದು. ನಮ್ಮಲ್ಲಿ ಅದನ್ನ ಯಾರೂ ಮಾಡಲ್ಲ. ಮಲಗಿದ ನಾಯಿ ಬಾಲ ತುಳಿದ ಹಾಗೆ."

"ಒಂದು ಊರೆ ಮಾತ್ರ. ಉಳಿದಿದ್ದೆಲ್ಲ ಇರುತ್ತೆ."

ಭಾವ ನನ್ನ ಕಡೆ ತಿರುಗಿದರು. "ಏನ್ ಮಾಡ್ಲಿ ಧಣಿ?" ಅಂಗಳ ನನ್ನ ಪಾಲಿಗೆ ಬಂದಾಗಿನಿಂದ ಅವರು ನನ್ನನ್ನು ಹಾಗೆ ಕರೆದು ಹಂಗಿಸುವುದು ವಾಡಿಕೆ. ಅವತ್ತು ಆ ಮಾತಿನಲ್ಲಿ ಹಂಗಿಸುವಿಕೆ ಇರಲಿಲ್ಲ.

ನಾನು ಮೇಲೆ ಅಂಗೈಗೆ ತಾಗಿದ್ದನ್ನು ನೆನೆದೆ. ಅದನ್ನು ಹೇಗೆ ಹೇಳಲಿ? "ಮಾಡಿ ಭಾವ," ಎಂದೆ. "ಆದ್ರೆ ಆಳುಗಳೆಲ್ಲ ಹೊರಗಿರ್ಲಿ."

ಒಳಗೆ ಹೋದದ್ದು ನಾವು ಐವರು. ಚಿಕ್ಕಮ್ಮನನ್ನು ಬೇಡವೆಂದರೆ ಕೇಳುವವರು ಯಾರು? ಅಧ್ಯಕ್ಷರು ಹೊಸ್ತಿಲ ಮೇಲೆ ಒಂದು ಕ್ಷಣ ನಿಂತು, ಒಳಗೆ ಕಾಲಿಟ್ಟರು. ಭಾವ ಬಿರುಕಿನ ಪಕ್ಕದ, ಎಲ್ಲಕ್ಕಿಂತ ಹೆಚ್ಚು ಹೊರೆ ಬೀಳಬೇಕಾಗಿದ್ದ ಊರೆಯ ಬುಡದಲ್ಲಿ ಕೂತರು. ಸುತ್ತಿಗೆಯನ್ನು ಪಕ್ಕಕ್ಕಿಟ್ಟರು. ಬೆಣೆಯ ತಲೆಯನ್ನು ಎರಡು ಬೆರಳಿನಲ್ಲಿ ಹಿಡಿದು ಒಂದು ಸಲ ಅಲುಗಿಸಿದರು.

ಅವರ ಮುಖದಲ್ಲಿ ಬಂದದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. ಎದ್ದು ನಿಂತರು.

"ನೀವೇ ಎಳೀರಿ ಸಾರ್."

"ನಾನಾ?"

"ಕೈಗೆ ಸಿಗ್ಬೇಕು ಅಂದ್ರಲ್ಲ. ಎಳೀರಿ."

ಅಧ್ಯಕ್ಷರು ಪಂಚೆ ಎತ್ತಿ ಕಟ್ಟಿದರು. ಗಟ್ಟಿಯಾಗಿ ಕೂತಿರುತ್ತದೆ ಎಂದುಕೊಂಡು ಎರಡೂ ಕೈ ಹಾಕಿ, ಉಸಿರು ಬಿಗಿಹಿಡಿದು ಎಳೆದರು. ಬೆಣೆ ಡಬ್ಬಿಯ ಮುಚ್ಚಳದ ಹಾಗೆ ಬಂದುಬಿಟ್ಟಿತು. ಅವರು ಹಿಂದಕ್ಕೆ ಕೂತರು, ಬೆಣೆ ಎದೆಗವಚಿಕೊಂಡು. ತೊಲೆ ಅರೆಬೆರಳು ಜಾರಿ, ಗೋಡೆಯಿಂದ ಬಿಟ್ಟುಕೊಂಡು, ಸುಮ್ಮನಾಯಿತು. ಅದರ ತಲೆಗೂ ಗೋಡೆಗೂ ನಡುವೆ ಒಂದು ಬೆಳಕಿನ ಗೆರೆ ಕಂಡಿತು.

ಗೋಡೆ ಏನೂ ಮಾಡಲಿಲ್ಲ. ಅಷ್ಟು ದೊಡ್ಡದೊಂದು ವಸ್ತು ಏನೂ ಮಾಡದೆ ನಿಂತಿರುವುದನ್ನು ನೋಡುವುದು ಎಂಥದ್ದೆಂದು ನನಗೆ ಅವತ್ತು ಗೊತ್ತಾಯಿತು. ನಾವು ಇಷ್ಟು ದಿನ ಅದನ್ನು ಹಿಡಿದುಕೊಂಡಿದ್ದೇವೆ ಎಂದುಕೊಂಡಿದ್ದೆವು. ನಮ್ಮ ತೊಲೆಗಳ ಮೇಲೆ ಅದು ತನ್ನ ಭಾರದ ಒಂದು ಹಿಡಿಯನ್ನೂ ಹೊರಿಸಿರಲಿಲ್ಲ. ಹೆಗಲಿನವರೆಗೆ ಸೀಳಿಕೊಂಡು, ಗುಮ್ಮಟವನ್ನು ಹೊತ್ತು, ಅದು ತಾನೇ ನಿಂತಿತ್ತು. ನಾವು ಬರೀ ಪಕ್ಕದಲ್ಲಿ ನಿಂತವರು.

ಅಧ್ಯಕ್ಷರು ನೆಲದ ಮೇಲೆ ಕೂತಲ್ಲಿಂದಲೇ ತಲೆಯೆತ್ತಿ ಗುಮ್ಮಟ ನೋಡುತ್ತಿದ್ದರು. ಬಾಯಿ ತೆರೆದಿತ್ತು. ಆಮೇಲೆ ಎದ್ದು ಹೋಗಿ ಗೋಡೆಯ ಮೇಲೆ ಅಂಗೈ ಇಟ್ಟರು. ಬಹಳ ಹೊತ್ತು ತೆಗೆಯಲಿಲ್ಲ. ಅವರ ಹೆಗಲು ಅಲುಗುತ್ತಿತ್ತು. ನಾವು ಬೇರೆ ಕಡೆ ನೋಡಿದೆವು.

"ಬೆಣೆ ವಾಪಸ್ ಹಾಕಿ ಭಾವ," ಎಂದೆ ಮೆಲ್ಲಗೆ.

"ಹಾಕ್ತೀನಿ ಇರು. ಅವ್ರು ಕೊಟ್ರೆ ತಾನೇ?"

ಮಷೀನ್ ಅವತ್ತೇ ಅಂಗಡಿಗಳ ರಾಶಿಗೆ ವಾಪಸ್ಸು ಹೋಯಿತು.

ಬಿರುಕು ಹೊಲಿಯುವ ಕೆಲಸಕ್ಕೆ ಗಾರೆಯವರು ಬಂದಾಗ ಮೊದಲು ಸೀಳಿನ ಎರಡೂ ದಡಗಳನ್ನು ಬಿಚ್ಚಬೇಕಾಯಿತು. ಬಿಚ್ಚುತ್ತಾ ಹೋದ ಹಾಗೆ ಎಂಜಿನಿಯರ್ ನನ್ನನ್ನು ಕರೆದಳು. ಗೋಡೆಯ ಒಡಲಿನಲ್ಲಿ, ಹೊಸ ಬಿರುಕಿನ ಪಕ್ಕದಲ್ಲೇ, ಇನ್ನೊಂದು ಗೆರೆ ಓಡುತ್ತಿತ್ತು. ಅದು ಬಿರುಕಲ್ಲ, ಬಿರುಕು ಕೂಡಿಸಿದ ಗುರುತು. ಬೇರೆ ಬಣ್ಣದ ಸುಣ್ಣ, ಬೇರೆ ಕಲ್ಲು, ಅಡ್ಡಕ್ಕೆ ಹಾಕಿದ ಸಣ್ಣ ಸಣ್ಣ ಮರದ ತುಂಡುಗಳು. ಅದರಾಚೆ ಇನ್ನೂ ಹಳೆಯದೊಂದು, ಅದಕ್ಕೂ ಬೇರೆ ಸುಣ್ಣ. ಅದನ್ನು ಮೆತ್ತಿದವನ ಬೆರಳಿನ ಸಾಲು ಕೂಡ ಹಾಗೇ ಉಳಿದಿತ್ತು.

"ಇದು ಮೊದಲನೇ ಸಲ ಅಲ್ಲ," ಎಂದಳು ಎಂಜಿನಿಯರ್.

ಕೆಲಸ ನಿಂತುಹೋಯಿತು. ಆಳುಗಳೆಲ್ಲ ಬಂದು ಒಬ್ಬೊಬ್ಬರಾಗಿ ಬಗ್ಗಿ ನೋಡಿದರು. ನಮ್ಮ ಹಾಗೆಯೇ ಯಾರೋ ಧೂಳಿನಲ್ಲಿ ನಿಂತು ಈ ಗೋಡೆಯನ್ನು ನೋಡಿದ್ದರು. ಕೆಡವೋಣವೇ ಇಡೋಣವೇ ಎಂದು ಜಗಳವಾಡಿದ್ದರು. ಆಮೇಲೆ ಸುಣ್ಣ ಕಲಸಿದ್ದರು. ಅವರ ಹೆಸರು ಯಾರಿಗೂ ಗೊತ್ತಿಲ್ಲ.

ಚಿಕ್ಕಮ್ಮ ಕೈ ಎರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ಬಂದಳು. ಗಾರೆ ಒಣಗುವ ತನಕ ಒಳಗೆ ಏನನ್ನೂ ಒರೆಸುವುದಿಲ್ಲ ಎಂದು ಮಾತು ಕೊಟ್ಟಿದ್ದಳು. ಅದು ಅವಳಿಗೆ ಎಷ್ಟು ಕಷ್ಟ ಎಂದು ಅವಳ ಬೆರಳುಗಳೇ ಹೇಳುತ್ತಿದ್ದವು. ಬಗ್ಗಿ, ಕಣ್ಣು ಕಿರಿದು ಮಾಡಿ, ಆ ಬೆರಳಿನ ಸಾಲನ್ನು ನೋಡಿದಳು.

"ಅವ್ರಿಗೂ ಹೆದ್ರಿಕೆ ಆಗಿರುತ್ತೆ ಅಲ್ವೇನೇ?" ಎಂದಳು.

"ಆಗ್ದೆ ಇರುತ್ತಾ ಚಿಕ್ಕಮ್ಮ?"

ಅವಳು ಇನ್ನೂ ಸ್ವಲ್ಪ ಹೊತ್ತು ನೋಡಿದಳು. "ಆದ್ರೂ ಕೆಲಸ ಗಲೀಜಿಲ್ಲ," ಎಂದಳು. ಆಮೇಲೆ ಬಾಗಿಲ ಕಡೆ ತಿರುಗಿ, ಬಾಯಿ ತೆರೆದು ನಿಂತಿದ್ದ ಗಾರೆಯವನಿಗೆ ಜೋರು ಮಾಡಿದಳು. "ಏನಪ್ಪಾ ನಿಂತ್ಬಿಟ್ಟೆ? ಸುಣ್ಣ ಆರಿಹೋಗ್ತಿದೆ, ತಗೊಂಡ್ ಬಾ."